ಸಾಹುಕಾರರ ಬುತ್ತಿ

ಪ್ರದರ್ಶನದಲ್ಲಿ ಸ್ಟಾಲು ಹಾಕುವವರಿಗೆ ಹತ್ತು ಪುಕ್ಕಟೆ ಪಾಸು ಕೊಡುತ್ತಾರೆ. ಕೊಡಬಾರದು. ನಮ್ಮಂಥವರ ಕೈಗಂತೂ ಕೊಡಲೇಬಾರದು.

ನಮ್ಮದು ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಒಂದು ಟೇಲರ್ ಅಂಗಡಿಯ ಮಾಳಿಗೆಯ ಮೇಲೆ ಒಂದೇ ಕೋಣೆಯ ಡಿಜಿಟಲ್ ಮಾರ್ಕೆಟಿಂಗ್ ಕಂಪನಿ. ಕಂಪನಿ ಅಂದರೆ ಗಂಡ ಹೆಂಡತಿ, ನಾನು ಮತ್ತು ನಮ್ಮ ಮನೆಯವರು, ಅಷ್ಟೇ. ಅಂಗಡಿಯವರ ಪರವಾಗಿ ಅವರ ಪೇಜು ನಡೆಸುವುದು, ಮೊಬೈಲಿನಲ್ಲಿ ಕಾಣುವ ಜಾಹೀರಾತು ಮಾಡುವುದು ನಮ್ಮ ಕೆಲಸ. ಚಿತ್ರ ಬಿಡಿಸುವುದು ಅವರದು. ಬರೆಯುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ಬೇಕಾದರೆ ಜಗಳವಾಡುವುದು ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಅವರಿಗೆ ಹಸಿವು ನಾಲಿಗೆಯ ತುದಿಯಲ್ಲಿರುತ್ತದೆ. ಈ ಬಂಡವಾಳದ ಮೇಲೆ ಕೆಲವು ವರ್ಷ ಕಂಪನಿ ನಡೆಸಿದ್ದೇ ಒಂದು ಪವಾಡ.

ಗಿರಾಕಿಗಳಿದ್ದರು, ಇಲ್ಲವೆಂದಲ್ಲ. ಒಬ್ಬ ಹಲ್ಲಿನ ಡಾಕ್ಟರು ಇದ್ದರು, ಅವರು ಮನಸ್ಸು ಬಂದಾಗ ಫೋನು ಎತ್ತುತ್ತಿದ್ದರು. ಉಪ್ಪಿನಕಾಯಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳಿದ್ದಳು, ಅವಳು ಕೂಲಿಯನ್ನು ಉಪ್ಪಿನಕಾಯಿಯಲ್ಲೇ ಕೊಡುತ್ತಿದ್ದಳು. ನಿಜವಾಗಿ ನಮ್ಮ ಒಲೆ ಉರಿಯುತ್ತಿದ್ದದ್ದು ಸುಲ್ತಾನ್ ಬಜಾರಿನ ಸೀರೆ ಅಂಗಡಿಯ ಸಾಹುಕಾರರೊಬ್ಬರಿಂದ. ಇಳಕಲ್ ಸೀರೆ, ಕುಪ್ಪಸದ ಖಣ, ಗುಳೇದಗುಡ್ಡದ ಮಾಲು ಅವರ ವ್ಯಾಪಾರ. ಅಜ್ಜನ ಕಾಲಕ್ಕೆ ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ನಿಂತ ಮನೆತನ. ಬಾಗಿಲಲ್ಲಿ ನಿಂತವರ ಜೊತೆ ತೆಲುಗು, ಪಕ್ಕದ ಅಂಗಡಿಯವರ ಜೊತೆ ದಖ್ಖನಿ, ಗಾದಿಯ ಮೇಲೆ ಕೂತವರ ಜೊತೆ ನಮ್ಮ ಮಾತು. ನನ್ನ ತವರು ಅವರ ಊರಿನ ಪಕ್ಕದ ಊರು ಎಂದು ಗೊತ್ತಾದ ದಿನದಿಂದ ನಾನು ಅವರಿಗೆ 'ತಂಗಿ', ನಮ್ಮ ಮನೆಯವರು 'ಅಳಿಯಂದ್ರು'. ನಾವಿಬ್ಬರೂ ಅವರನ್ನು 'ಕಾಕಾ' ಅನ್ನುತ್ತಿದ್ದೆವು.

ಈ ಕಾಕಾ ಕೈಬಿಟ್ಟರೆ ಆಮೇಲೇನು ಎನ್ನುವುದು ನಮಗೆ ಚೆನ್ನಾಗಿ ಗೊತ್ತಿತ್ತು. ಕೋಣೆಗೆ ಬೀಗ. ನಾನು ಓಣಿಯ ಶಾಲೆಯಲ್ಲಿ ಮಕ್ಕಳ ಮೂಗು ಒರೆಸಬೇಕು, ಇವರು ತಮ್ಮ ಅಣ್ಣನ ಫ್ಲೆಕ್ಸ್ ಬೋರ್ಡಿನ ಅಂಗಡಿಗೆ ವಾಪಸ್ಸು ಹೋಗಬೇಕು. ಭಾವನವರು ಅಲ್ಲಿ ಒಂದು ಕುರ್ಚಿಯನ್ನು ಖಾಲಿ ಇಟ್ಟುಕೊಂಡೇ ಕಾಯುತ್ತಿದ್ದರು. ಹಬ್ಬಕ್ಕೆ ಬಂದಾಗಲೆಲ್ಲ ಆ ಕುರ್ಚಿಯ ಸಮಾಚಾರ ಹೇಳಿ ಹೋಗುತ್ತಿದ್ದರು.

ಅದಕ್ಕೇ, ನಾಲ್ಕು ಜನರ ಕಣ್ಣಿಗೆ ಬಿದ್ದರೆ ಇನ್ನೊಂದೆರಡು ಗಿರಾಕಿ ಸಿಕ್ಕಾರು ಎಂದು ಮಾದಾಪುರದ ಕಡೆ ನಡೆಯುವ ಪ್ರದರ್ಶನದಲ್ಲಿ ಸ್ಟಾಲು ಹಿಡಿದೆವು. ಹೈದರಾಬಾದಿನ ಸಣ್ಣ ದೊಡ್ಡ ಎಲ್ಲ ಮಾರ್ಕೆಟಿಂಗ್ ಕಂಪನಿಗಳೂ ಅಲ್ಲಿಗೆ ಬರುತ್ತವೆ. ಪಾಸುಗಳು ಮನೆಗೆ ಬಂದವು. ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದರು. ಹೊಳೆಯುವ ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಥೇಟ್ ಮದುವೆಯ ಕಾರ್ಡು.

"ಮೊದಲನೇದ್ದು ಸಾವಕಾರ್ರಿಗೆ ಕೊಟ್ಟು ಬರ್ರಿ," ಅಂದರು. "ಅನ್ನ ಹಾಕೋರನ್ನ ಬಿಟ್ಟು ಇನ್ಯಾರನ್ನ ಕರೀತೀರಿ?"

ಅವರ ಮಾತು ನಮಗೂ ಸರಿಯೇ ಅನ್ನಿಸಿತು. ನಮ್ಮ ಕಡೆ ಅಂಗಡಿ ಪೂಜೆ ಇರಲಿ, ಮನೆ ವಾಸ್ತು ಇರಲಿ, ಕೂಸಿನ ಹೆಸರಿಡುವುದಿರಲಿ, ನಮಗೆ ಬೇಕಾದ ದೊಡ್ಡವರ ಮನೆಗೆ ಹೋಗಿ ಕರೆಯದಿದ್ದರೆ ಅದು ಕಾರ್ಯವೇ ಅಲ್ಲ. ಫೋನಿನಲ್ಲಿ ಕರೆದರೆ ಕರೆದಂತಲ್ಲ. ಹಾಗಾಗಿ ಒಂದು ತಟ್ಟೆಯಲ್ಲಿ ಪಾಸು, ಪಾಸಿನ ಮೇಲೆ ಕುಂಕುಮ, ಪಕ್ಕದಲ್ಲಿ ಧಾರವಾಡ ಪೇಢೆಯ ಡಬ್ಬಿ ಇಟ್ಟುಕೊಂಡು ಗಂಡ ಹೆಂಡತಿ ಸುಲ್ತಾನ್ ಬಜಾರಿಗೆ ಹೋಗಿ, ಗಾದಿಯ ಮೇಲೆ ಕೂತು, ತಪ್ಪದೆ ಬರಬೇಕು ಎಂದು ಕೈಮುಗಿದು ಕರೆದು ಬಂದೆವು. ಕಾಕಾ ಪಾಸನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾದ ಮೇಲಿನ ಲಕ್ಷ್ಮಿಯ ಫೋಟೋಕ್ಕೆ ಸಿಗಿಸಿದರು. ಬಂದೇ ಬರುವೆ ಅಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಆ ಪ್ರದರ್ಶನದ ಹಾಲಿನಲ್ಲಿ ಇರುವವರು ಯಾರು? ನಮ್ಮ ಹಾಗೆಯೇ ಅಂಗಡಿಯವರನ್ನು ಹಿಡಿಯಲು ಬಲೆ ಬೀಸಿಕೊಂಡು ಕೂತ ಕಂಪನಿಗಳು, ಸಾಲು ಸಾಲಾಗಿ. ನಮಗಿದ್ದ ಒಬ್ಬನೇ ಒಬ್ಬ ಗಟ್ಟಿ ಗಿರಾಕಿಯನ್ನು, ಕುಂಕುಮ ಹಚ್ಚಿ, ಪೇಢೆ ಕೊಟ್ಟು, ಅವರ ನಡುವೆ ಬಂದು ನಿಲ್ಲಿರಿ ಎಂದು ಕರೆದು ಬಂದಿದ್ದೆವು. ನಮ್ಮ ಕಾಲ ಮೇಲೆ ನಾವೇ ಕಲ್ಲು ಎಳೆದುಕೊಂಡಿದ್ದೆವು. ನಮ್ಮ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಕಾಕಾ ಇಷ್ಟು ದೂರ ಬರಲಿಕ್ಕಿಲ್ಲ, ಶ್ರಾವಣ ಮಾಸ, ಅಂಗಡಿ ಗದ್ದಲ ಅಂತ ಹೇಳಿ ಕಿಟಕಿಯಿಂದ ಮೆಕ್ಕೆತೆನೆ ಕೊಂಡರು.

ಶ್ರಾವಣ ಶನಿವಾರ. ಪ್ರದರ್ಶನದ ಬಾಗಿಲು ತೆಗೆದು ಹತ್ತು ನಿಮಿಷ ಆಗಿರಲಿಲ್ಲ. ನಮ್ಮ ಸ್ಟಾಲು ಹಾಲಿನ ಕಟ್ಟಕಡೆಯ ಮೂಲೆಯಲ್ಲಿ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಚ್ಚಲಿಗೆ ಹೋಗುವ ದಾರಿ. ಒಂದು ಮೇಜು, ಮೂರು ಕುರ್ಚಿ, ಇವರೇ ಬಿಡಿಸಿದ ಬ್ಯಾನರು, ಒಂದು ಬಟ್ಟಲು ಚಾಕಲೇಟು. ಬ್ಯಾನರಿನ ಎಡತುದಿ ಅಂಟದೆ ಬೀಳುತ್ತಿತ್ತು. ಇವರು ಅದನ್ನು ಹಿಡಿದುಕೊಂಡು ಕುರ್ಚಿಯ ಮೇಲೆ ನಿಂತಿದ್ದರು. ನಾನು ತಿರುಗಿ ನೋಡುತ್ತೇನೆ, ಕಾಕಾ ಬಂದೇಬಿಟ್ಟಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಟೋಪಿ, ಕೈಯಲ್ಲಿ ಬಟ್ಟೆಯ ಚೀಲ. ವ್ಯಾಪಾರಸ್ಥರು ಯಾವ ಬಾಗಿಲು ತೆಗೆದರೂ ಮೊದಲು ಅಲ್ಲಿರುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಕೂರಿಸಿದೆವು. ನೀರು ಕೊಟ್ಟೆವು. ಚಹಾ ತರಿಸಿದೆವು. ಎಲ್ಲ ಚಾಕಲೇಟನ್ನೂ ಅವರ ಮುಂದೆ ಸುರಿದೆವು. ಸಂಜೆಯ ತನಕ ಅವರನ್ನು ಆ ಕುರ್ಚಿಯಿಂದ ಏಳಿಸಬಾರದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರು ಚಹಾದ ಕೊನೆಯ ಗುಟುಕು ಕುಡಿದು, ಬಟ್ಟೆಯ ಚೀಲವನ್ನು ನಮ್ಮ ಮೇಜಿನ ಕೆಳಗೆ ಒತ್ತರಿಸಿ ಇಟ್ಟು ಎದ್ದರು.

"ಒಂದು ಸುತ್ತ ಹಾಕ್ಕೊಂಡು ಬರ್ತೀನಿ ತಂಗಿ. ಈ ಚೀಲ ಇಲ್ಲೇ ಇರಲಿ."

ಒಂದು ಸುತ್ತು! ಗೋಡೆಗೆ ಮುಖ ಮಾಡಿ ಮತ್ತೆ ಬ್ಯಾನರು ಅಂಟಿಸುತ್ತಿದ್ದ ಇವರಿಗೆ ಸ್ಟಾಲು ನೋಡಿಕೊಳ್ಳಿ ಎಂದು ಕೂಗಿ, ದಾರಿ ತೋರಿಸುವ ನೆಪದಲ್ಲಿ ಕಾಕಾ ಜೊತೆ ಹೊರಟೆ.

ಮೊದಲು ಭಾಷಣದ ಕೋಣೆಗೆ ಕರೆದುಕೊಂಡು ಹೋದೆ. ಒಬ್ಬರು ಕತ್ತಲೆಯಲ್ಲಿ ನಿಂತು ಗೋಡೆಯ ಮೇಲೆ ಗೆರೆಗಳನ್ನು ತೋರಿಸುತ್ತ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮೆತ್ತನೆಯ ಕುರ್ಚಿ, ತಂಪು ಗಾಳಿ. ಈ ವಯಸ್ಸಿನವರು ಇಲ್ಲಿ ಐದು ನಿಮಿಷದಲ್ಲಿ ನಿದ್ದೆ ಹೋಗುತ್ತಾರೆ, ಮಧ್ಯಾಹ್ನ ಎಬ್ಬಿಸಿ ನೆಟ್ಟಗೆ ಮೆಟ್ರೋ ಹತ್ತಿಸಿಬಿಡೋಣ ಅಂದುಕೊಂಡೆ. ಐದು ನಿಮಿಷದಲ್ಲಿ ನಿದ್ದೆ ಹೋದದ್ದು ನಾನು. ಹಿಂದಿನ ರಾತ್ರಿಯೆಲ್ಲ ಬ್ಯಾನರಿನ ಕೆಲಸವಾಗಿತ್ತಲ್ಲ. ಕಾಕಾ ನನ್ನ ಭುಜ ತಟ್ಟಿ, ಇಲ್ಲಿ ಥಂಡಿ ಭಾಳ ಐತಿ, ಹೊರಗೆ ಹೋಗೋಣ ಅಂದರು.

ಆಮೇಲೆ ಹೊಸ ಉಪಾಯ ಮಾಡಿದೆ. ನಮಗೆ ಎದುರಾಳಿಗಳಲ್ಲದವರ ಸ್ಟಾಲುಗಳನ್ನು ಮಾತ್ರ ತೋರಿಸುವುದು. ಅಂಗಿಯ ಮೇಲೆ ಹೆಸರು ಅಚ್ಚು ಹಾಕುವವರು, ಎಸ್ಸೆಮ್ಮೆಸ್ಸು ಕಳಿಸುವವರು, ಬೆಳಕಿನ ಬೋರ್ಡಿನವರು. ಒಂದು ಕಡೆ, ಅಂಗಡಿಯ ಗುಮಾಸ್ತನ ಬದಲು ಗಿರಾಕಿಗಳ ಜೊತೆ ತಾನೇ ಹಿಂದಿಯಲ್ಲಿ ಮಾತಾಡುವ ಯಂತ್ರವನ್ನು ತೋರಿಸುತ್ತಿದ್ದರು. ಒಂದು ಹುಡುಗಿ ಕಾಕಾ ಅವರನ್ನು ಕೂರಿಸಿ, ನೀವೇ ಗಿರಾಕಿ ಅಂದುಕೊಂಡು ಏನಾದರೂ ಕೇಳಿ ಅಂದಳು. ಕಾಕಾ ಒಂದು ಸೀರೆಯ ಬೆಲೆ ಕೇಳಿದರು. ಯಂತ್ರ ಹೇಳಿತು. ಕಾಕಾ ಅರ್ಧಕ್ಕೆ ಕೇಳಿದರು. ಯಂತ್ರ ವಿನಯದಿಂದ ಒಪ್ಪಿಕೊಂಡಿತು. ಕಾಕಾ ಮುಖ ಗಂಭೀರವಾಯಿತು. ಅದರ ಅರ್ಧಕ್ಕೆ ಕೇಳಿದರು. ಅದಕ್ಕೂ ಯಂತ್ರ ಧನ್ಯವಾದ ಹೇಳಿ ಒಪ್ಪಿತು. ಕಡೆಗೆ ಸೀರೆಯನ್ನು ಪುಕ್ಕಟೆ ಇಸಕೊಂಡು, ಮೇಲೊಂದು ಖಣವನ್ನೂ ಕೇಳಿ ಪಡೆದುಕೊಂಡು ಎದ್ದರು.

"ಇಂಥಾ ಗುಮಾಸ್ತನ್ನ ಇಟ್ಕೊಂಡ್ರ ನಾ ಅಂಗಡಿ ಮುಚ್ಚಿ ಮನಿಗೆ ಹೋಗಬೇಕಾಗತೈತಿ," ಎಂದು ಆ ಹುಡುಗಿಗೆ ತಿಳಿಯದಂತೆ ನನಗೆ ನಮ್ಮ ಮಾತಿನಲ್ಲೇ ಹೇಳಿದರು. ನನಗೆ ಖುಷಿಯಾಯಿತು. ಹೀಗೇ ನಡೆದರೆ ಸಾಯಂಕಾಲವಾಗುತ್ತದೆ ಎಂದು ಧೈರ್ಯ ಬಂತು.

ಅಷ್ಟರಲ್ಲಿ ನಮ್ಮ ಮನೆಯವರ ಫೋನು. ಸ್ಟಾಲಿಗೆ ಒಬ್ಬರು ಬಂದು ಕೂತಿದ್ದಾರೆ, ಎಲ್ಲ ವಿಚಾರಿಸುತ್ತಿದ್ದಾರೆ, ಬಹಳ ದೊಡ್ಡ ಮನುಷ್ಯರ ಹಾಗೆ ಕಾಣುತ್ತಾರೆ, ಬೇಗ ಬಾ. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೊಸ ಗಿರಾಕಿ ಅಲ್ಲಿ, ಹಳೆಯ ಗಿರಾಕಿ ಇಲ್ಲಿ. ಆಸೆ ಕೆಟ್ಟದ್ದು. ಕಾಕಾ ಅವರನ್ನು ಅಂಗಿ ಅಚ್ಚು ಹಾಕುವವರ ಹತ್ತಿರ ಮತ್ತೆ ಕೂರಿಸಿ, ಐದೇ ನಿಮಿಷ ಎಂದು ಓಡಿದೆ. ಆ ದೊಡ್ಡ ಮನುಷ್ಯರು ಮುಂದಿನ ವರ್ಷದ ಪ್ರದರ್ಶನಕ್ಕೆ ಸ್ಟಾಲು ಮಾರುವವರು. ನಿಮಗೆ ಸರಿಹೋಗುವ, ಇದಕ್ಕಿಂತ ಚಿಕ್ಕದೊಂದು ಇದೆ ಅಂದರು. ಇದಕ್ಕಿಂತ ಚಿಕ್ಕದರಲ್ಲಿ ಕುರ್ಚಿ ಇಟ್ಟರೆ ಮನುಷ್ಯರು ಹೊರಗೆ ನಿಲ್ಲಬೇಕಲ್ಲ ಎಂದು ನಾನು ರೇಗಿ, ಅವರನ್ನು ಕಳಿಸಿ, ಇವರನ್ನು ಬೈದು, ತಿರುಗಿ ಓಡಿ ಬಂದೆ. ಕಾಕಾ ಇರಲಿಲ್ಲ.

ಹಾಲಿನ ತುಂಬ ಹುಡುಕಿದೆ. ಕರಿ ಟೋಪಿ ಎಲ್ಲೂ ಕಾಣಲಿಲ್ಲ. ಬಚ್ಚಲಿನ ಹತ್ತಿರ ನಿಂತು ಕಾದೆ. ಭಾಷಣದ ಕೋಣೆಯಲ್ಲಿ ಮೊಬೈಲ್ ಬೆಳಕು ಬಿಟ್ಟು ಸಾಲು ಸಾಲು ನೋಡಿದೆ. ಎಲ್ಲರೂ ನನ್ನನ್ನು ಬೈದರು. ಕಡೆಗೆ ಸಿಕ್ಕಿದ್ದು ಎಲ್ಲಿ ಸಿಗಬಾರದಿತ್ತೋ ಅಲ್ಲಿ. ಹಾಲಿನ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಕಂಪನಿಯ ಸ್ಟಾಲು. ಸ್ಟಾಲಲ್ಲ, ಅದು ಮನೆ. ನಮ್ಮ ಮಲ್ಕಾಜ್‌ಗಿರಿ ಮನೆಗಿಂತ ದೊಡ್ಡದು. ಸೋಫಾ, ಕಾಫಿ ಯಂತ್ರ, ಚುರುಮುರಿ ಹುರಿದಂತೆ ಸಿಡಿಯುವ ಪಾಪ್‌ಕಾರ್ನ್ ಗಾಡಿ, ಕಿತ್ತಳೆ ಬಣ್ಣದ ಅಂಗಿ ಹಾಕಿದ ಹುಡುಗರ ಸೈನ್ಯ. ಸೋಫಾದ ನಡುವೆ ಕಾಕಾ. ಅವರ ಎರಡು ಕಡೆ ಇಬ್ಬರು ಕಿತ್ತಳೆ ಹುಡುಗರು. ಎದುರಿಗೆ ಗೋಡೆಯಷ್ಟು ದೊಡ್ಡ ಟೀವಿ. ಟೀವಿಯ ಮೇಲೆ ನಾವು ನಡೆಸುವ ಅವರದೇ ಪೇಜು.

ಅಲ್ಲಿ ಒಂದು ರಟ್ಟಿನ ಹೆಣ್ಣು ನಿಂತಿತ್ತು, ಆಳೆತ್ತರದ್ದು, ಕೈಜೋಡಿಸಿ ನಗುವಂಥದ್ದು. ನಾನು ಹೋಗಿ ಅದರ ಹಿಂದೆ ಅಡಗಿ ನಿಂತೆ. ನಾಚಿಕೆಯ ಕೆಲಸ, ಒಪ್ಪುತ್ತೇನೆ.

ಹುಡುಗರು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ಅಂಕಲ್ ಅಂಕಲ್ ಅನ್ನುತ್ತಲೇ ನಮ್ಮ ಮಾನ ತೆಗೆಯುತ್ತಿದ್ದರು. ಮೊದಲು ನನಗೆ ಸಿಟ್ಟು ಬಂತು. ಹೋಗಿ ಆ ಟೀವಿಯ ವೈರು ಕಿತ್ತು ಬಿಡೋಣ ಅನ್ನಿಸಿತು. ಆದರೆ ಒಬ್ಬ ಹುಡುಗ ಬೆರಳಿನಿಂದ ಪೇಜನ್ನು ಮೇಲಿನಿಂದ ಕೆಳಗೆ ಸರಿಸುತ್ತ ಒಂದೊಂದಾಗಿ ಎಣಿಸಿದ. ಇಡೀ ವರ್ಷದಲ್ಲಿ ಹನ್ನೊಂದು ಸೀರೆ. ನಿಮ್ಮ ಅಂಗಡಿಯಲ್ಲಿ ಇರುವುದೇ ಹನ್ನೊಂದಾ ಅಂಕಲ್ ಎಂದು ಕೇಳಿದ.

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕೆಲಸ ಹಿಡಿದ ಹೊಸದರಲ್ಲಿ ಒಂದು ದಿನ ಅಂಗಡಿಗೆ ಹೋಗಿ, ಗಾದಿಯ ಮೇಲೆ ಸೀರೆ ಹರವಿ, ಹನ್ನೊಂದು ಫೋಟೋ ತೆಗೆದಿದ್ದೆವು. ಮತ್ತೆ ಹೋಗೋಣ, ಹೋಗೋಣ ಅನ್ನುತ್ತಲೇ ದಿನ ಕಳೆದವು. ಎಲ್ಲಿಯ ಮಲ್ಕಾಜ್‌ಗಿರಿ, ಎಲ್ಲಿಯ ಸುಲ್ತಾನ್ ಬಜಾರು, ಆ ಟ್ರಾಫಿಕ್ಕು, ಆ ಬಿಸಿಲು. ಯುಗಾದಿ ಬಂದರೆ ಅದೇ ಫೋಟೋದ ಮೂಲೆಗೆ ಮಾವಿನೆಲೆ ಅಂಟಿಸಿದೆವು. ಬೋನಾಲಿಗೆ ಬೇವಿನ ಸೊಪ್ಪು, ಬತುಕಮ್ಮಕ್ಕೆ ಹೂವು, ದೀಪಾವಳಿಗೆ ಪಣತಿ. ಒಂದು ಗಿಳಿಹಸಿರು ಸೀರೆಯಂತೂ ಆ ವರ್ಷ ಮಾಡಿದಷ್ಟು ಹಬ್ಬ ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ರಟ್ಟಿನ ಹೆಣ್ಣಿನ ಹಿಂದೆ ನಿಂತು ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನುವಂತಾಯಿತು. ಕಾಕಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಅಚ್ಛಾ, ಅಚ್ಛಾ" ಅಂದರು. ಎದ್ದು ಹೋಗುವಾಗ ಹುಡುಗ ಕೊಟ್ಟ ಕಾರ್ಡನ್ನು ಅಂಗಿಯ ಜೇಬಿನಲ್ಲಿ, ಎದೆಯ ಕಡೆ ಇಟ್ಟುಕೊಂಡರು.

ಮುಗಿಯಿತು ಅಂದುಕೊಂಡೆ. ಕಾಲೆಳೆಯುತ್ತ ನಮ್ಮ ಮೂಲೆಗೆ ಬಂದೆ. ಭಾವನವರ ಕುರ್ಚಿ ಕಣ್ಣ ಮುಂದೆ ಬಂತು, ಶಾಲೆಯ ಗಂಟೆ ಕಿವಿಗೆ ಕೇಳಿತು. ನಮ್ಮ ಮನೆಯವರು ಮಾತ್ರ ಬಹಳ ಸಂತೃಪ್ತರಾಗಿ ಕೂತಿದ್ದರು. ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಅವ್ವ ಭಾಳ ಛಲೋ ಬುತ್ತಿ ಕಟ್ಟಿದ್ಲು," ಅಂದರು. "ನಿನಗ ಎರಡು ರೊಟ್ಟಿ ಉಳಿಸಬೇಕಂದೆ, ಉಳೀಲಿಲ್ಲ ನೋಡು."

ನಾವು ಮನೆಯಿಂದ ಯಾವ ಬುತ್ತಿಯನ್ನೂ ತಂದಿರಲಿಲ್ಲ.

"ಇವತ್ತ ಶ್ರಾವಣ ಶನಿವಾರರಿ," ಅಂದೆ. "ಅತ್ತೀದು ಉಪಾಸ, ಒಲೀನ ಹಚ್ಚಿಲ್ಲ."

ಅವರು ಕರವಸ್ತ್ರ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ನಾನು ಬಗ್ಗಿ ನೋಡಿದೆ. ಮೇಜಿನ ಕೆಳಗೆ ಕಾಕಾ ಅವರ ಬಟ್ಟೆಯ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಡಬ್ಬಿಯಲ್ಲಿ ಏನಿತ್ತು ಎಂದು ಕೇಳಿದೆ. ಎಣ್ಣೆಗಾಯಿ, ಉಳ್ಳಾಗಡ್ಡಿ ಹಾಕಿದ್ದು, ಶೇಂಗಾ ಚಟ್ನಿ, ಹಸಿ ಮೆಂತ್ಯ ಅಂದರು. ಶ್ರಾವಣ ಬಂತೆಂದರೆ ನಮ್ಮ ಅತ್ತೆ ಉಳ್ಳಾಗಡ್ಡಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಅದು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಉಂಡ ಮಗನಿಗೆ ಗೊತ್ತಿರಬೇಕು. ಹೌದಲ್ಲ, ಅದನ್ನು ನೋಡಿ ನನಗೂ ಆಶ್ಚರ್ಯವಾಯಿತು ಅಂದರು. ಅವ್ವ ಸುಧಾರಿಸಿದಳು ಅಂತ ಖುಷಿಪಟ್ಟು ಉಂಡೆ ಅಂದರು. ಇಷ್ಟೇ ಅಲ್ಲ. ಒಳ್ಳೆಯ ಮನುಷ್ಯ ನೋಡಿ, ಉಂಡ ಮೇಲೆ ಬಚ್ಚಲಿಗೆ ಹೋಗಿ ಡಬ್ಬಿಯನ್ನು ಕೈಸಾಬೂನು ಹಾಕಿ ತೊಳೆದು, ಒರೆಸಿ, ಮುಚ್ಚಿ ಇಟ್ಟಿದ್ದರು.

ನಾನು ಬಾಯಿ ತೆಗೆದು ಬೈಯುವ ಮೊದಲೇ ಕಾಕಾ ಬಂದರು. ಎರಡೂ ಕೈಗಳಲ್ಲಿ ಪುಕ್ಕಟೆ ಚೀಲ, ಚೀಲದ ತುಂಬ ಬಣ್ಣದ ಕಾಗದ, ಪೆನ್ನು, ಕೀಲಿ ಗೊಂಚಲು. ಕುರ್ಚಿಯ ಮೇಲೆ ಉಸ್ಸೆಂದು ಕೂತು, ತಿರುಗಿ ತಿರುಗಿ ಕಾಲು ಸೋತವು, ಹೊಟ್ಟೆ ಚುರುಗುಟ್ಟುತ್ತಿದೆ, ಆ ಬುತ್ತಿ ಕೊಡು ಅಂದರು.

ಕೊಟ್ಟೆ. ಇನ್ನೇನು ಮಾಡಲಿ? ಮೊದಲನೆಯ ಡಬ್ಬಿ ತೆಗೆದರು. ಹೊಳೆಯುತ್ತಿತ್ತು. ಎರಡನೆಯದು ತೆಗೆದರು. ಅದೂ ಹೊಳೆಯುತ್ತಿತ್ತು. ಮೂರನೆಯದನ್ನು ಮೂಗಿನ ಹತ್ತಿರ ಹಿಡಿದು, ಸಾಬೂನಿನ ವಾಸನೆ ನೋಡಿ, ನಮ್ಮ ಮನೆಯವರ ಮುಖ ನೋಡಿದರು. ಇವರು ಎದ್ದು ನಿಂತು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನಂತೆ ಕೈಕಟ್ಟಿ, ನಾನೇ ಉಂಡೆ, ನಮ್ಮದೇ ಅಂತ ತಿಳಿದು ಉಂಡೆ ಎಂದು ಹೇಳಿಬಿಟ್ಟರು.

ಬ್ಯಾನರಿನ ಎಡತುದಿ ಬಿಟ್ಟುಕೊಂಡು ಮೆಲ್ಲಗೆ ಕೆಳಗೆ ಬಂತು. ಯಾರೂ ಹಿಡಿಯಲಿಲ್ಲ.

"ಪಲ್ಯಾ ಹೆಂಗಿತ್ರಿ ಅಳಿಯಂದ್ರ?"

ಇವರಿಗೆ ಸುಳ್ಳು ಬರುವುದಿಲ್ಲ, ಅದೇ ನಮ್ಮ ಧಂದೆಯ ದೊಡ್ಡ ಕೊರತೆ. ಸ್ವಲ್ಪ ಯೋಚಿಸಿ, ಛಲೋ ಇತ್ತು, ಆದರೆ ಉಪ್ಪು ಒಂದು ಚಿಟಿಕೆ ಕಡಿಮೆ ಇತ್ತು ಅಂದರು. ನಾನು ಹಣೆ ಹಣೆ ಬಡಿದುಕೊಂಡೆ. ಕದ್ದು ಉಂಡದ್ದಲ್ಲದೆ ಹೆಸರು ಬೇರೆ ಇಡುತ್ತಿದ್ದಾರಲ್ಲ! ಕಾಕಾ ಮೇಜನ್ನು ಕೈಯಿಂದ ಬಡಿದು ನಕ್ಕರು. ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. ಮುಂಜಾನೆ ರುಚಿ ನೋಡಿ ತಾವೂ ಅದನ್ನೇ ಹೇಳಿದ್ದರಂತೆ, ಮನೆಯಲ್ಲಿ ಯಾರೂ ಕೇಳಲಿಲ್ಲವಂತೆ. ಮುಂಜಾನೆಯಿಂದ ಈ ಹಾಲಿನಲ್ಲಿ ತಾವು ಏನು ಹೇಳಿದರೂ ಎಲ್ಲರೂ ಆಗತೈತಿ ಆಗತೈತಿ ಅಂದದ್ದೇ ಅಂದದ್ದಂತೆ, ಉಪ್ಪು ಕಡಿಮೆ ಎಂದವರು ಇವರೊಬ್ಬರೇ ಅಂತೆ.

ಅವರು ನಗುವುದನ್ನು ನೋಡಿ ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ರಟ್ಟಿನ ಹೆಣ್ಣಿನ ಹಿಂದೆ ನಿಂತು ಕೇಳಿದ್ದು, ಆ ಹುಡುಗ ಹೇಳಿದ್ದು ನಿಜವೆಂದು, ಹನ್ನೊಂದೇ ಸೀರೆಯೆಂದು, ಮೈಗಳ್ಳತನ ನಮ್ಮದೆಂದು, ನೀವು ಬಿಟ್ಟರೆ ನಾವು ಬಾಗಿಲು ಹಾಕುತ್ತೇವೆಂದು. ಹೆದರಿ ಮುಂಜಾನೆಯಿಂದ ನಿಮ್ಮ ಬೆನ್ನು ಬಿದ್ದಿದ್ದೆ ಎಂದೂ ಹೇಳಿದೆ.

"ಅದು ನನಗ ಗೊತ್ತಾಗೈತಿ," ಅಂದರು ಕಾಕಾ. "ಪೊಲೀಸ್ನೋರ ಗತೆ ಹಿಂದಿಂದ ಹೊಂಟಿದ್ದಿ. ನನ್ನ ಅಂಗಡ್ಯಾಗ ಯಾರಿಗರ ಸೀರಿ ಮನಸಿಗೆ ಬರಲಿಲ್ಲಂದ್ರ ನಾನ ಹೇಳಿ ಕಳಸ್ತೀನಿ, ಹೋಗ್ರಿ, ನಾಕ ಅಂಗಡಿ ನೋಡಿ ಬರ್ರಿ ಅಂತ. ಬುತ್ತಿ ಬಿಟ್ಟು ಹೋದಾಂವ ತಿರುಗಿ ಬಂದ ಬರ್ತಾನ ತಂಗಿ. ಅಷ್ಟೂ ತಿಳೀಲಿಲ್ಲೇನು?"

ನಾನು ಕಣ್ಣು ಒರೆಸಿಕೊಂಡೆ. ಎಲ್ಲ ಸರಿಹೋಯಿತು ಅಂದುಕೊಂಡೆ. ಅವರು ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ ಮುಚ್ಚಿ, ಜೇಬಿನಿಂದ ಆ ಕಾರ್ಡನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ಬಂದೀನಿ ಅಂದ್ರ ಉಳಿದೀನಿ ಅಂತಲ್ಲ. ಪಂಚಮಿ ಹೋತು, ಒಂದು ಹೊಸಾ ಸೀರಿ ಹಾಕ್ಲಿಲ್ಲ ನೀವು. ಆ ಹುಡುಗೂರು ಸೀರಿ ಎಣಿಸಿದ್ರು, ನೀವು ಎಣಿಸ್ಲಿಲ್ಲ. ಸೋಮವಾರ ಅಂಗಡಿಗೆ ಬರ್ರಿ, ನೋಡೂಣು."

ಇಷ್ಟು ಹೇಳಿ ಕಾರ್ಡನ್ನು ಮತ್ತೆ ಜೇಬಿಗೆ ಇಟ್ಟುಕೊಂಡರು. ಊಟಕ್ಕೆ ಹೋಗೋಣ, ನಾವು ಕೊಡಿಸುತ್ತೇವೆ ಎಂದು ಇವರು ಅವಸರದಲ್ಲಿ ಎದ್ದರು. ಊಟದ ಸಾಲು ಬಾಗಿಲಿನ ಹೊರಗಿನ ತನಕ ನಿಂತಿತ್ತು. ಕಾಕಾ ಒಮ್ಮೆ ನೋಡಿ, ಬ್ಯಾಡ, ಕೂಡ್ರಿ ಅಂದರು. ತಾವೇ ಹೋಗಿ, ಆ ಕಿತ್ತಳೆ ಹುಡುಗರ ಗಾಡಿಯಿಂದ ಮೂರು ದೊಡ್ಡ ಪೊಟ್ಟಣ ಪಾಪ್‌ಕಾರ್ನ್ ತುಂಬಿಸಿಕೊಂಡು ಬಂದರು. ಪುಕ್ಕಟ ಕೊಡ್ತಾರ, ಭಾಳ ಛಲೋ ಹುಡುಗೂರು ಎಂದು ಹೊಗಳುತ್ತ ತಿಂದರು. ನಾವೂ ತಿಂದೆವು. ನಮ್ಮ ಮನೆಯವರು, ಅಂಥ ಊಟ ಉಂಡ ಮೇಲೆಯೂ, ತಮ್ಮ ಪೊಟ್ಟಣ ಮುಗಿಸಿ ನನ್ನದಕ್ಕೆ ಕೈ ಹಾಕಿದರು. ಆ ಪ್ರದರ್ಶನದಿಂದ ನಮಗೆ ಒಬ್ಬನೇ ಒಬ್ಬ ಹೊಸ ಗಿರಾಕಿಯೂ ಸಿಗಲಿಲ್ಲ.

ಸೋಮವಾರ ಅಂಗಡಿ ತೆಗೆಯುವ ಹೊತ್ತಿಗೆ ಸರಿಯಾಗಿ ಹೋದೆವು. ಅವತ್ತಿನಿಂದ ಪ್ರತಿ ಸೋಮವಾರ ಹೋಗುತ್ತೇವೆ. ಆ ಕಿತ್ತಳೆ ಕಾರ್ಡು ಇವತ್ತಿಗೂ ಕಾಕಾ ಅವರ ಬಿಲ್ ಪುಸ್ತಕದಲ್ಲಿದೆ. ಹಾಳೆ ಗುರುತಿಗೆ ಇಟ್ಟುಕೊಂಡಿದ್ದೇನೆ ಅನ್ನುತ್ತಾರೆ. ಹೋದಾಗಲೆಲ್ಲ ನಾನು ಮೊದಲು ನೋಡುವುದು ಅದು ಇದೆಯೋ, ಯಾರಿಗೋ ಫೋನು ಹಚ್ಚಲು ಹೊರಗೆ ಬಂದಿದೆಯೋ ಎಂದು.

ಆ ಮೊದಲ ಸೋಮವಾರ ಮಳೆ ಜಿನುಗುತ್ತಿತ್ತು. ಬೋಣಿಗೆಗೆ ಒಬ್ಬ ಹೆಂಗಸು ಬಂದಳು, ಮೆಹದಿಪಟ್ಟಣಂ ಕಡೆಯವಳು, ತೆಲುಗಿನವಳು. ಮಗಳ ನಿಶ್ಚಯಕ್ಕೆ ಸೀರೆ ಬೇಕಿತ್ತು. ಕಾಕಾ ಹರವಿದರು, ಹರವಿದರು, ಗಾದಿ ಮುಚ್ಚಿಹೋಯಿತು. ಕಡೆಗೆ ಒಂದು ದಾಳಿಂಬೆ ಬಣ್ಣದ ಇಳಕಲ್ ಸೀರೆಯ ಸೆರಗನ್ನು ಹಿಡಿದುಕೊಂಡು ಅವಳು ಬೇಕು ಅನ್ನಲೂ ಆರಳು, ಬೇಡ ಅನ್ನಲೂ ಆರಳು. ಕಾಕಾ ತೆಲುಗಿನಲ್ಲಿ ನಗುತ್ತ, ಹೋಗಿ ನಾಲ್ಕು ಅಂಗಡಿ ನೋಡಿ ಬನ್ನಿ ಅಂದರು. ಅವಳು ಹೋಗಿಯೇಬಿಟ್ಟಳು. ಅವಳು ನನ್ನ ಗಿರಾಕಿಯೂ ಅಲ್ಲ, ಅದು ನನ್ನ ಸೀರೆಯೂ ಅಲ್ಲ. ಆದರೂ ಬಾಗಿಲಿಗೆ ಹೋಗಿ ಅವಳು ಯಾವ ಕಡೆ ತಿರುಗಿದಳು ಎಂದು ನೋಡಿ ಬಂದೆ. ಕಾಕಾ ಚಹಾ ಕುಡಿಯುತ್ತಿದ್ದರು.

ಸುಮ್ಮನೆ ಕೂರಲಾಗದೆ ಆ ಸೀರೆಯನ್ನು ಮಡಚಲು ಹೋದೆ.

"ಮಡಚಬ್ಯಾಡ, ಬಿದ್ದಿರಲಿ," ಅಂದರು ಕಾಕಾ. ನಾನು ಕೈ ಹಿಂದೆ ತೆಗೆದುಕೊಂಡು, ಸೆರಗು ಹೇಗೆ ಬಿದ್ದಿತ್ತೋ ಹಾಗೇ ಅದರ ಫೋಟೋ ತೆಗೆದೆ. ನಮ್ಮ ಪೇಜಿನ ಹನ್ನೆರಡನೆಯ ಸೀರೆ ಅದು.

ಫೋಟೋದ ಮೂಲೆಯಲ್ಲಿ ಏನೋ ಹಸಿರಾಗಿ ಕಂಡಿತು. ನೋಡಿದರೆ ಗಾದಿಯ ಅಂಚಿನಲ್ಲಿ ಆ ಹೆಂಗಸು ತನ್ನ ಚೀಲ ಬಿಟ್ಟು ಹೋಗಿದ್ದಳು. ಚೀಲದ ಬಾಯಿಯ ತನಕ ಪೇರಲ ಹಣ್ಣು, ಮೇಲೊಂದು ಕಟ್ಟು ಕರಿಬೇವು. ನನ್ನ ಎದೆ ಹಗುರಾಯಿತು. ಹೇಳೋಣವೆಂದು ನಮ್ಮ ಮನೆಯವರ ಕಡೆ ತಿರುಗಿದೆ. ಅವರೂ ಆ ಚೀಲವನ್ನೇ ನೋಡುತ್ತಿದ್ದರು, ಬಹಳ ಪ್ರೀತಿಯಿಂದ. ಎದ್ದು ಹೋಗಿ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತೆ.